‘ಟೆನ್ಶನ್ ಬಿಡ್ರಿ, ತಾನ ಮಕ್ಕಳಾಗತಾವ’: ಈ ಮಾತಿನಾಗ ಖರೆ ಎಷ್ಟು?

ಈಗ ಒಂದೆರಡು ವರ್ಷದಿಂದ ಎರಡು ನಮೂನಿ ಸುದ್ದಿ ಒಂದರ ಬೆನ್ನಿಗೆ ಒಂದು ಬರಾಕತ್ತಾವ. ಒಂದು, ಕರ್ನಾಟಕದಾಗ ಫಲವತ್ತತೆ ದರ 1.7ಕ್ಕ ಇಳದೈತಿ, ದಕ್ಷಿಣದ ಮಂದಿ ಇನ್ನೂ ಮಕ್ಕಳನ್ನ ಹಡೀಬೇಕು ಅನ್ನೋದು. 2024ರ ಅಕ್ಟೋಬರ್‌ದಾಗ ಆಂಧ್ರದ ಚಂದ್ರಬಾಬು ನಾಯ್ಡು, ತಮಿಳುನಾಡಿನ ಸ್ಟಾಲಿನ್ ಇದ ಧಾಟಿಯೊಳಗ ಮಾತಾಡಿದ್ರು, ಡಿಸೆಂಬರ್‌ದಾಗ ಆರೆಸ್ಸೆಸ್‌ನ ಮೋಹನ್ ಭಾಗವತ್ ಮೂರು ಮಕ್ಕಳಾದ್ರೂ ಇರ್ಲಿ ಅಂದ್ರು. ಇನ್ನೊಂದು, ಜಗತ್ತಿನಾಗ ಆರು ಮಂದಿಯೊಳಗ ಒಬ್ಬರಿಗೆ ಮಕ್ಕಳಾಗೋದು ತ್ರಾಸ ಆಗೇತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಾಗ ಹೇಳಿದ್ದು, ಅದರ ಜೋಡಿ ‘ಟೆನ್ಶನ್ ಜೀವನವೇ ಕಾರಣ’ ಅನ್ನೋ ರೀಲ್ಸು, ಬಸ್ ಸ್ಟ್ಯಾಂಡ್ ಹತ್ರ ಗುಂಡಗುಂಡಗ ಇರೋ ಕೂಸಿನ ಫೋಟೋ ಹಾಕಿದ ಐವಿಎಫ್ (ತತ್ತಿ, ವೀರ್ಯಾಣು ಲ್ಯಾಬಿನಾಗ ಕೂಡಿಸಿ ಬಸಿರು ನಿಲ್ಲಸೋ ಚಿಕಿತ್ಸೆ) ಬೋರ್ಡು.

ಎರಡೂ ಸುದ್ದಿ ಓದಿದ ಮಂದಿ ಅವನ್ನ ಗಂಟು ಹಾಕಿ ಒಂದ ತೀರ್ಮಾನಕ್ಕ ಬಂದಾರ: ಈಗಿನವ್ರಿಗೆ ಟೆನ್ಶನ್ ಭಾಳ, ಅದಕ್ಕ ಮಕ್ಕಳಾಗವಲ್ವು, ಜನಸಂಖ್ಯೆ ಇಳಿಯಾಕತ್ತೈತಿ. ಕೇಳಾಕ ಸರಿ ಅನಸತೈತಿ. ಆದ್ರ ಇದರಾಗ ಮೂರು ಬ್ಯಾರೆ ಬ್ಯಾರೆ ವಿಷಯ ಕಲಸು ಮೇಲೋಗರ ಆಗ್ಯಾವ, ಅದರಿಂದ ಪೆಟ್ಟು ತಿನ್ನೋರು ಮಾತ್ರ ಮದುವಿಯಾಗಿ ಎರಡು ಮೂರು ವರ್ಷಾದ ಹುಡುಗ ಹುಡುಗಿ, ಅದರಾಗೂ ಹುಡುಗಿ.

ದರ ಇಳದದ್ದಕ್ಕೂ ಟೆನ್ಶನ್‌ಗೂ ಸಂಬಂಧ ಕಡಿಮಿ

ಮೊದಲ ಈ 1.7 ಅಂದ್ರ ಏನು ನೋಡೋಣ. ಇದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಲೆಕ್ಕ, 2019-21ರದ್ದು. ಒಬ್ಬ ಹೆಣ್ಮಗಳು ತನ್ನ ಜೀವನದಾಗ ಸರಾಸರಿ ಎಷ್ಟು ಮಕ್ಕಳನ್ನ ಹಡೀತಾಳ ಅನ್ನೋ ಅಂದಾಜು ಅದು, ಆಕಿಗೆ ಹಡಿಯೋ ಶಕ್ತಿ ಎಷ್ಟೈತಿ ಅನ್ನೋದಲ್ಲ. ನಮ್ಮ ಕಡೆ ಎರಡು ಮಕ್ಕಳಾದ ಕೂಡ್ಲೇ ತಾಯಂದಿರು ಆಪರೇಷನ್ ಮಾಡಿಸ್ಕೋತಾರ, ಕರ್ನಾಟಕದಾಗ ಮದುವಿಯಾದ ಹೆಣ್ಮಕ್ಕಳೊಳಗ ಅರ್ಧಕ್ಕಿಂತ ಹೆಚ್ಚು ಮಂದಿದು ಆಪರೇಷನ್ ಆಗಿರತೈತಿ ಅಂತ ಅದ ಸಮೀಕ್ಷೆ ಹೇಳತೈತಿ. ಮಕ್ಕಳು ಸಾಕು ಅಂತ ನಿಲ್ಲಸೋದು ಬ್ಯಾರೆ, ಮಕ್ಕಳು ಬೇಕು ಅಂದ್ರೂ ಆಗದಿರೋದು ಬ್ಯಾರೆ. ಮೊದಲನೇದು ನಿರ್ಧಾರ, ಎರಡನೇದು ಆರೋಗ್ಯದ ಸಮಸ್ಯೆ. ಕನ್ನಡದಾಗ ಎರಡಕ್ಕೂ ‘ಫಲವತ್ತತೆ’ ಅಂತ ಒಂದ ಪದ ಬಳಸೋದರಿಂದ ಗೊಂದಲ ಇನ್ನಷ್ಟು ಹೆಚ್ಚಾಗೇತಿ.

ಎರಡನೇದರ ವ್ಯಾಖ್ಯೆ ಹಿಂಗೈತಿ: ಯಾವ ತಡೆನೂ ಇಲ್ದ ಗಂಡ ಹೆಂಡ್ತಿ 12 ತಿಂಗಳು ಕೂಡಿದ್ರೂ ಬಸಿರು ನಿಲ್ಲದಿದ್ರ ತಪಾಸಣಿ ಮಾಡಿಸ್ಬೇಕು, ಹೆಂಡ್ತಿಗೆ 35 ದಾಟಿದ್ರ 6 ತಿಂಗಳಿಗೇ. ಈ ಎರಡನೇ ವಿಷಯದಾಗ ಟೆನ್ಶನ್‌ದು ಪಾಲು ಎಷ್ಟು ಅನ್ನೋದ ಇಲ್ಲಿ ಪ್ರಶ್ನೆ.

ದೇಹ ಬಿತ್ತೋದನ್ನ ಮುಂದೂಡತೈತಿ

ಹಿಂಗಾರಿ ಮಳಿ ಕೈಕೊಟ್ರ ವಿಜಯಪುರದ ರೈತ ಬಿಳಿಜೋಳದ ಬೀಜ ಹೊಲಕ್ಕ ಚೆಲ್ಲಂಗಿಲ್ಲ, ಮನ್ಯಾಗ ಇಟ್ಕೊಂಡು ಮಾಡ ನೋಡ್ತಾನ. ದೇಹ ಮಾಡೋದೂ ಹೆಚ್ಚು ಕಡಿಮಿ ಇದ ಕೆಲಸ. ಮೆದುಳಿನ ತಳದಾಗ ಹೈಪೋಥಲಾಮಸ್ ಅಂತ ಸಣ್ಣ ಭಾಗ ಐತಿ, ಅಲ್ಲಿಂದ ಎರಡು ದಾರಿ ಹೊರಡತಾವ. ಒಂದು ಕಷ್ಟಕ್ಕ ತಯಾರಾಗೋ ದಾರಿ, ಅದರ ತುದಿಗೆ ಕಿಡ್ನಿ ಮ್ಯಾಲಿನ ಗ್ರಂಥಿಯಿಂದ ಕಾರ್ಟಿಸೋಲ್ ಅನ್ನೋ ಒತ್ತಡದ ಹಾರ್ಮೋನ್ ಬಿಡುಗಡಿ ಆಗತೈತಿ. ಇನ್ನೊಂದು ಸಂತಾನದ ದಾರಿ, ಅಲ್ಲಿ ಜಿಎನ್‌ಆರ್‌ಎಚ್ ಅನ್ನೋ ಹಾರ್ಮೋನ್ ಒಂದೊಂದೂವರಿ ತಾಸಿಗೊಮ್ಮೆ ಮಿಡಿತದಂಗ ಬರತೈತಿ, ಆ ಮಿಡಿತ ಹಿಡದು ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನೋ ಎರಡು ಹಾರ್ಮೋನ್ ಕಳಸತೈತಿ, ಅವು ಹೆಣ್ಮಕ್ಕಳಾಗ ತತ್ತಿ ಬಲಿಯೋದನ್ನ, ಗಂಡಸರಾಗ ವೀರ್ಯಾಣು ತಯಾರಾಗೋದನ್ನ ನಡಸತಾವ.

ಮೊದಲ ದಾರ್ಯಾಗ ಗದ್ದಲ ಹೆಚ್ಚಾದ್ರ ಎರಡನೇ ದಾರಿಯ ಮಿಡಿತ ನಿಧಾನ ಆಗತೈತಿ. ಪೂರ್ತಿ ಬಂದ್ ಆಗೋದು ಮಾತ್ರ ಅಪರೂಪ, ಅದಕ್ಕ ಬರಗಾಲದಂಥ ಹೊಡ್ತನ ಬೇಕು. 1944-45ರ ಚಳಿಗಾಲದಾಗ ಜರ್ಮನ್ ಸೈನ್ಯ ನೆದರ್ಲ್ಯಾಂಡ್‌ನ ಪಶ್ಚಿಮ ಭಾಗಕ್ಕ ಆಹಾರ ಹೋಗದಂಗ ಮಾಡಿದಾಗ ಒಂಬತ್ತು ತಿಂಗಳ ಮ್ಯಾಲ ಅಲ್ಲಿ ಹೆರಿಗಿ ಸಂಖ್ಯೆ ಧಪ್ ಅಂತ ಬಿತ್ತು, ಊಟ ಸಿಕ್ಕ ಮ್ಯಾಲ ಮತ್ತ ಏರಿತು. ಬೀಜ ಸುಟ್ಟಿರಲಿಲ್ಲ, ಬಿತ್ತಿಗಿ ಮುಂದಕ್ಕ ಹೋಗಿತ್ತು ಅಷ್ಟ. ಈ ಮುಂದೂಡೋ ಗುಣ ತಲಿಯಾಗ ಇಟ್ಕೊಂಡ್ರ ಮುಂದಿನ ಮಾತು ಸಲೀಸಾಗಿ ತಿಳೀತೈತಿ.

ಹೆಣ್ಮಕ್ಕಳಾಗ: ಮುಟ್ಟು ತಡಾ ಆತು ಅಂದ್ರ ತತ್ತಿನ ತಡಾ ಆಗೇತಿ

ಬಹಳ ಮಂದಿ ತಿಳ್ಕೊಂಡಿರೋದು ತಿಂಗಳ ಮಧ್ಯಕ್ಕ, ಅಂದ್ರ 14ನೇ ದಿನಕ್ಕ, ತತ್ತಿ ಬಿಡುಗಡಿ ಆಗತೈತಿ ಅಂತ. ಅದು 28 ದಿನದ ಚಕ್ರ ಇದ್ದೋರಿಗೆ ಮಾತ್ರ. ಖರೆ ಲೆಕ್ಕ ಹಿಂದಿನಿಂದ ಹಾಕ್ಬೇಕು: ತತ್ತಿ ಬಿಟ್ಟ ಮ್ಯಾಲ ಮುಟ್ಟು ಬರಾಕ ಸುಮಾರು 12ರಿಂದ 14 ದಿನ ಹಿಡೀತೈತಿ, ಇದು ಅಷ್ಟಾಗಿ ಬದಲಾಗಂಗಿಲ್ಲ. ಬದಲಾಗೋದು ಅದರ ಮೊದಲಿನ ಭಾಗ. ಮನ್ಯಾಗ ನಾದಿನಿ ಮದುವಿ, ಹದಿನೈದು ದಿನ ನಿದ್ದಿಲ್ಲ, ಮ್ಯಾಲ ಸಾಲದ ಕಂತು, ಆ ತಿಂಗಳ ಮುಟ್ಟು 38 ದಿನಕ್ಕ ಬಂತು ಅಂದ್ರ ಆಕಿಗೆ ತತ್ತಿ ಬಿಟ್ಟದ್ದು 14ನೇ ದಿನ ಅಲ್ಲ, 24ನೇ ದಿನದ ಸುತ್ತಮುತ್ತ.

ಈಗ ಮೊಬೈಲ್ ಆ್ಯಪ್‌ನ್ಯಾಗ ಹಸಿರು ಬಣ್ಣ ತೋರ್ಸಿದ ದಿನ ನೋಡಿ ಗಂಡ ಹೆಂಡ್ತಿ ಕೂಡಿರತಾರ, ಆ್ಯಪ್ ಹಳೇ ತಿಂಗಳ ಲೆಕ್ಕದ ಮ್ಯಾಲ 12ರಿಂದ 15 ಅಂತ ತೋರಸತೈತಿ, ತತ್ತಿ ಬಂದಿದ್ದು 24ಕ್ಕ, ಅಷ್ಟೊತ್ತಿಗೆ ಇವ್ರು ‘ಈ ತಿಂಗಳ ಮುಗೀತು’ ಅಂತ ಕೈಬಿಟ್ಟಿರತಾರ. ಇಲ್ಲಿ ಟೆನ್ಶನ್ ಯಾವ ಅಂಗಾನೂ ಕೆಡಿಸ್ಲಿಲ್ಲ, ಬರೇ ತಾರೀಖು ಸರಿಸ್ತು. ಬಸಿರು ನಿಲ್ಲಾಕ ಅನುಕೂಲ ಇರೋದು ತತ್ತಿ ಬಿಡೋ ದಿನ, ಅದರ ಹಿಂದಿನ ಐದು ದಿನ, ಒಟ್ಟು ಆರು ದಿನ ಮಾತ್ರ ಅಂತ 1995ರಾಗ ಅಮೆರಿಕದಾಗ ನಡೆದ ಅಧ್ಯಯನದಾಗ ತೋರಿಸ್ಯಾರ. ಆರು ದಿನದ ಬಾಗಿಲು, ಅದೂ ಸರ್ಕೋತ ಹೋದ್ರ ತಪ್ಪೋದು ಸಹಜ.

ಇದಕ್ಕಿಂತ ಗಂಭೀರ ಇರೋದು ಮೂರು ತಿಂಗಳು, ಆರು ತಿಂಗಳು ಮುಟ್ಟ ನಿಂತಬಿಡೋದು. ಭಾಳ ತೂಕ ಇಳಿಸ್ಕೊಂಡವ್ರು, ಉಪವಾಸ ಮಾಡೋರು, ಮಿತಿ ಮೀರಿ ವ್ಯಾಯಾಮ ಮಾಡೋರು, ದೊಡ್ಡ ಮಾನಸಿಕ ಆಘಾತ ಆದವ್ರಾಗ ಇದು ಕಾಣಸತೈತಿ, ಊಟ ಮತ್ತ ಮನಸ್ಸು ಎರಡನೂ ಸರಿ ಮಾಡಿದ್ರ ಬಹಳಷ್ಟು ಮಂದಿಗೆ ಮುಟ್ಟು ತಿರುಗಿ ಬರತೈತಿ. ಆದ್ರ ಮುಟ್ಟು ನಿಂತದ್ದೆಲ್ಲಾ ಟೆನ್ಶನ್ ಅಲ್ರಿ. ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದ್ರಿ), ಥೈರಾಯ್ಡ್ ಕೂಡ ಹಿಂಗ ಮಾಡತಾವ, ಅವು ರಕ್ತ ತಪಾಸಣಿ, ಸ್ಕ್ಯಾನ್ ಮಾಡಿದ್ರನ ಗೊತ್ತಾಗೋದು. ಇನ್ನ ಗರ್ಭನಾಳ ಮುಚ್ಚಿದ್ರಂತೂ ಮುಟ್ಟು ಗಡಿಯಾರದಂಗ ಸರಿಯಾಗೇ ಬರತಿರತೈತಿ, ಭಾರತದಾಗ ಅದಕ್ಕ ಒಂದು ಮುಖ್ಯ ಕಾರಣ ಗರ್ಭಾಂಗಕ್ಕ ಹತ್ತೋ ಟಿಬಿ. ಕೆಮ್ಮಿಲ್ಲ, ಜ್ವರ ಇಲ್ಲ, ಒಳಗ ನಾಳ ಮುಚ್ಚಿರತೈತಿ. ಅಂಥಾಕಿಗೆ ‘ಟೆನ್ಶನ್ ಬಿಡವಾ’ ಅಂದ್ರ ನಾಳ ತೆರಿಯಂಗಿಲ್ಲ.

ಗಂಡಸರಾಗ: ಇವತ್ತಿನ ರಿಪೋರ್ಟ್, ಮೂರು ತಿಂಗಳ ಹಿಂದಿನ ಕತಿ

ಗಂಡಸರ ವಿಷಯಕ್ಕ ಬಂದ್ರ ನಮ್ಮ ಭಾಷೆನ ಸಹಾಯಕ್ಕ ಬರಂಗಿಲ್ಲ. ‘ಬಂಜೆ’ ಅಂದ್ರ ಹೆಂಗಸು, ಗಂಡಸಿಗೆ ಆ ಜಾಗಾದಾಗ ಒಂದು ರೂಢಿ ಪದಾನೇ ಇಲ್ಲ, ಇರೋದೊಂದು ಬೈಗುಳ, ಅದು ಬ್ಯಾರೆ ತೊಂದ್ರಿದು. ವೀರ್ಯಾಣು ಕಡಿಮಿ ಇರೋದಕ್ಕೂ ಗಂಡಸ್ತನಕ್ಕೂ ಸಂಬಂಧ ಇಲ್ಲ, ಸಂಸಾರ ಚಲೋ ನಡಸೋ ಮನುಷ್ಯಾಗೂ ಕೌಂಟ್ ಸೊನ್ನಿ ಬರಬಹುದು. ಇವೆರಡನ್ನ ಮಂದಿ ಒಂದ ಅಂತ ತಿಳ್ಕೊಂಡಿದ್ದಕ್ಕನ ಗಂಡಸ್ರು ತಪಾಸಣಿ ಅಂದ್ರ ಹೆದರತಾರ. ಮಕ್ಕಳಾಗದ ಜೋಡಿಗಳ ಪೈಕಿ ಹೆಚ್ಚು ಕಡಿಮಿ ಅರ್ಧದಷ್ಟರಾಗ ಗಂಡಸಿನ ಕಡೆ ತೊಂದ್ರಿ ಇರತೈತಿ, ಒಂಟಿಯಾಗಿಯೋ ಹೆಂಡ್ತಿ ತೊಂದ್ರಿ ಜೋಡಿಗೋ.

ವೀರ್ಯಾಣು ಒಂದು ಪೂರ್ತಿ ತಯಾರಾಗಾಕ ಸುಮಾರು 74 ದಿನ, ಅದು ಪಕ್ವ ಆಗಿ ಹೊರಗ ಬರಾಕ ಮತ್ತ ಎರಡು ವಾರ ಬೇಕು. ಹಂಗಂದ್ರ ಇವತ್ತು ಲ್ಯಾಬಿಗೆ ಕೊಟ್ಟ ಸ್ಯಾಂಪಲ್ ಮೂರು ತಿಂಗಳ ಹಿಂದಿನ ಬಿತ್ತಿಗಿ ಬೆಳಿ. ಜುಲೈದಾಗ ಬಂದ ಕೆಟ್ಟ ರಿಪೋರ್ಟಿಗೆ ಜುಲೈ ಟೆನ್ಶನ್ ಕಾರಣ ಅಲ್ಲ, ಏಪ್ರಿಲ್ ತಿಂಗಳಾಗ ಏನಾಗಿತ್ತು ಅಂತ ನೆನಸ್ಕೋಬೇಕು. ಮೈ ಸುಡುವಂಥ ಜ್ವರ ಬಂದಿತ್ತಾ? ಬಾಗಲಕೋಟಿ ವಿಜಯಪುರದ 40 ಡಿಗ್ರಿ ಬಿಸಲಾಗ ಇಡೀ ದಿನ ಗಾಡಿ ಓಡಿಸಿದ್ರಾ? ವೃಷಣ ದೇಹದ ಹೊರಗ ಜೋತು ಬಿದ್ದಿರೋದ ಅದಕ್ಕ, ಅದಕ್ಕ ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪು ಬೇಕು. ಬೆಳಗಾವಿ ಉದ್ಯಮಬಾಗದ ಫೌಂಡ್ರಿಯೊಳಗ ಕರಗಿದ ಕಬ್ಬಿಣ ಸುರಿಯೋವ, ಬೆಲ್ಲದ ಗಾಣದಾಗ ಕುದಿಯೋ ಕೊಪ್ಪರಿಗಿ ಮುಂದ ರಾತ್ರಿ ಹಗಲು ನಿಲ್ಲೋವ, ಇಟ್ಟಂಗಿ ಭಟ್ಟಿ ಕೆಲಸದವ, ತಾಸುಗಟ್ಟಲೆ ಬಿಸಿ ಇಂಜಿನ್ ಮ್ಯಾಲ ಕೂಡೋ ಲಾರಿ ಡ್ರೈವರ್, ಇವ್ರಿಗೆಲ್ಲಾ ತಲಿ ಟೆನ್ಶನ್‌ಗಿಂತ ಮೊದಲ ಕೇಳ್ಬೇಕಾದ ಪ್ರಶ್ನೆ ಕೆಲಸದ ಕಾವಿನದು.

ಹಂಗಾದ್ರ ಮನಸ್ಸಿನ ಒತ್ತಡಕ್ಕ ಪಾಲು ಇಲ್ಲೇನು? ಐತಿ. ಅಮೆರಿಕದಾಗ 193 ಗಂಡಸರ ಮ್ಯಾಲ ಮಾಡಿದ ಒಂದು ಅಧ್ಯಯನ 2014ರಾಗ ಪ್ರಕಟ ಆತು. ಜೀವನದಾಗ ದೊಡ್ಡ ಒತ್ತಡದ ಘಟನೆ ಆದವ್ರಾಗ, ನನಗ ಭಾಳ ಟೆನ್ಶನ್ ಅಂದವ್ರಾಗ ವೀರ್ಯಾಣುವಿನ ಗುಣಮಟ್ಟ ಕಡಿಮಿ ಕಂಡಿತ್ತು. ಮಜಾ ಅಂದ್ರ ನೌಕರಿ ಒತ್ತಡ ನೇರವಾಗಿ ವೀರ್ಯಾಣು ಮ್ಯಾಲ ಪರಿಣಾಮ ತೋರಸ್ಲಿಲ್ಲ, ಟೆಸ್ಟೋಸ್ಟೆರಾನ್ ಅನ್ನೋ ಗಂಡಸಿನ ಹಾರ್ಮೋನ್ ಮಾತ್ರ ಕಡಿಮಿ ಇತ್ತು. ಹಂಗಂತ 193 ಸಣ್ಣ ಸಂಖ್ಯೆ, ಇದನ್ನ ಹಿಡ್ಕೊಂಡು ಊರೆಲ್ಲಾ ಡಂಗುರ ಸಾರೋ ಹಂಗಿಲ್ಲ.

ನಮ್ಮ ಕಡೆ ನಾನು ಹೆಚ್ಚು ತೂಕ ಕೊಡೋದು ಟೆನ್ಶನ್ ಹಿಡಿಯೋ ಸುತ್ತು ದಾರಿಗೆ. ಟೆನ್ಶನ್ ಆತು ಅಂತ ಗುಟ್ಕಾ ಚೀಟಿ ದಿನಕ್ಕ ನಾಕು ಇದ್ದದ್ದು ಹತ್ತಾಗತೈತಿ, ಬೀಡಿ ಹೆಚ್ಚಾಗತೈತಿ, ಸಂಜಿ ಕ್ವಾರ್ಟರ್ ತಪ್ಪಂಗಿಲ್ಲ, ನಿದ್ದಿ ಕೆಡತೈತಿ, ಹೊಟ್ಟಿ ಬೆಳೀತೈತಿ. ತಂಬಾಕು, ಹೆಚ್ಚಿನ ಕುಡಿತ, ಬೊಜ್ಜು ಈ ಮೂರೂ ವೀರ್ಯಾಣುವಿಗೆ ಕೆಟ್ಟ ಅನ್ನೋದರಾಗ ಅನುಮಾನ ಇಲ್ಲ. ಇತ್ತೀಚಿಗೆ ಇನ್ನೊಂದು ಸೇರೈತಿ. ಸುಸ್ತು, ಆಸಕ್ತಿ ಇಲ್ಲ ಅಂತ ಯಾರ್ದೋ ಮಾತು ಕೇಳಿ, ಇಲ್ಲಾ ಜಿಮ್‌ನ್ಯಾಗ ಮೈಕಟ್ಟಿಗೆ ಅಂತ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಳ್ಳೋದು. ಹೊರಗಿಂದ ಹಾರ್ಮೋನ್ ಬಂತು ಅಂದ್ರ ಮೆದುಳು ‘ಇನ್ನ ಬೇಡ’ ಅಂತ ತನ್ನ ಮಿಡಿತ ನಿಲ್ಲಸತೈತಿ, ಮೈ ಉಬ್ಬತೈತಿ, ವೀರ್ಯಾಣು ಸೊನ್ನಿಗೂ ಇಳೀಬಹುದು. ಮಕ್ಕಳು ಬೇಕು ಅನ್ನೋವ ಇದನ್ನ ಮುಟ್ಟಬಾರ್ದು.

ಅಧ್ಯಯನಗಳು ಒಂದಕ್ಕೊಂದು ಯಾಕ ಹೊಂದಂಗಿಲ್ಲ

ಸುದ್ದಿಯೊಳಗ ಗೊಂದಲ ಹುಟ್ಟಿದ್ದು ಇಲ್ಲೇ, ಹಿಂಗಾಗಿ ಇಲ್ಲಿ ಸ್ವಲ್ಪ ನಿಧಾನಕ್ಕ ಹೋಗೋಣ. 2014ರಾಗ ಅಮೆರಿಕದ ಟೆಕ್ಸಾಸ್, ಮಿಷಿಗನ್ ರಾಜ್ಯದ 501 ಜೋಡಿಗಳ ಅಧ್ಯಯನದ ಫಲಿತಾಂಶ ಬಂತು. ಹೆಣ್ಮಕ್ಕಳ ಜೊಲ್ಲಿನಾಗ ಆಲ್ಫಾ ಅಮೈಲೇಸ್ ಅನ್ನೋ ಒತ್ತಡದ ಗುರುತು ಅಳದ್ರು. ಅದು ಅತೀ ಹೆಚ್ಚಿದ್ದ ಗುಂಪಿನಾಗ ತಿಂಗಳ ತಿಂಗಳ ಬಸರಾಗೋ ಸಾಧ್ಯತೆ 29 ಪರ್ಸೆಂಟ್ ಕಡಿಮಿ, ವರ್ಷ ಕಳದ್ರೂ ಬಸಿರು ನಿಲ್ಲದಿರೋ ಅಪಾಯ ಎರಡು ಪಟ್ಟು. ಕಾರ್ಟಿಸೋಲ್ ಮಾತ್ರ ಯಾವ ಸಂಬಂಧಾನೂ ತೋರಸ್ಲಿಲ್ಲ, ಇದನ್ನ ಯಾವ ರೀಲ್ಸಿನವ್ರೂ ಹೇಳಂಗಿಲ್ಲ. ‘ಎರಡು ಪಟ್ಟು’ ಅಂದ ಕೂಡ್ಲೇ ಎದಿ ಝಲ್ ಅಂತೈತಿ.

ಕಾಗದದ ಮ್ಯಾಲ ಒಂದು ಸಾದಾ ಲೆಕ್ಕ ಹಾಕ್ರಿ. ಆರೋಗ್ಯವಂತ ಜೋಡಿಗೆ ತಿಂಗಳಿಗೆ 20 ಪರ್ಸೆಂಟ್ ಸಾಧ್ಯತೆ ಅಂತ ಹಿಡದ್ರ ಹನ್ನೆರಡು ತಿಂಗಳಾಗ 100 ಜೋಡಿಯೊಳಗ 93ಕ್ಕ ಬಸಿರು ನಿಲ್ಲತೈತಿ, 7 ಉಳೀತಾವ. 20ರಾಗ 29 ಪರ್ಸೆಂಟ್ ಕಡಿಮಿ ಮಾಡಿದ್ರ ತಿಂಗಳಿಗೆ 14 ಚಿಲ್ಲರ ಆತು, ವರ್ಷದ ಕೊನಿಗೆ 84ಕ್ಕ ಬಸಿರು, 16 ಉಳದ್ವು. 7 ಇದ್ದದ್ದು 16 ಆತು, ಅಂದ್ರ ಎರಡು ಪಟ್ಟಿಗೂ ಮ್ಯಾಲ. ಅದ ಸಂಗತಿ ‘93ರ ಬದಲಿ 84’ ಅಂದ್ರ ಅಷ್ಟೇನು ಹೆದರಿಕಿ ಆಗಂಗಿಲ್ಲ. ಎರಡೂ ಖರೆ. ಯಾವುದನ್ನ ಹೆಡ್ಡಿಂಗ್ ಮಾಡ್ಬೇಕು ಅನ್ನೋದು ಪೇಪರಿನವ್ರ ಕೈಯಾಗಿರತೈತಿ. ವಾಸ್ತವದಾಗ ಎಲ್ಲಾ ಜೋಡಿಗೂ 20 ಇರಂಗಿಲ್ಲ, ವಯಸ್ಸಿನ ಪ್ರಕಾರ ಏರುಪೇರು ಇರತೈತಿ, ಆದ್ರ ಪರಿಣಾಮ ಎಷ್ಟು ದೊಡ್ಡದು ಅನ್ನೋ ಅಂದಾಜಿಗೆ ಈ ಲೆಕ್ಕ ಸಾಕು.

2018ರಾಗ ಅಮೆರಿಕ, ಕೆನಡಾದ 4,769 ಹೆಣ್ಮಕ್ಕಳ ಇನ್ನೊಂದು ದೊಡ್ಡ ಅಧ್ಯಯನ ಬಂತು, ಅಲ್ಲಿ ಜೊಲ್ಲು ಅಳೀಲಿಲ್ಲ, ಪ್ರಶ್ನೆ ಕೇಳಿ ಒತ್ತಡದ ಅಂಕ ಕೊಟ್ರು. ಅತೀ ಹೆಚ್ಚು ಅಂಕ ಇದ್ದವ್ರಾಗ ಸಾಧ್ಯತೆ 13 ಪರ್ಸೆಂಟ್ ಕಡಿಮಿ. ಮ್ಯಾಲಿನ ಲೆಕ್ಕಕ್ಕ ಹಾಕಿದ್ರ 93ರ ಜಾಗಾದಾಗ 90. ಗಂಡಸರ ಒತ್ತಡಕ್ಕ ಅಲ್ಲಿ ಸಂಬಂಧ ಸಿಗಲಿಲ್ಲ.

ಇದಕ್ಕ ಎದುರು ದಿಕ್ಕಿನಾಗ ನಿಂತಿರೋದು ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಜಾಕಿ ಬೋಯ್ವಿನ್ ಮತ್ತ ಅವರ ಜೊತೆಗಾರರು 2011ರಾಗ ಮಾಡಿದ ವಿಶ್ಲೇಷಣೆ. 14 ಅಧ್ಯಯನ, 3,583 ಹೆಣ್ಮಕ್ಕಳು, ಎಲ್ಲಾರೂ ಐವಿಎಫ್‌ನಂಥ ಚಿಕಿತ್ಸೆ ತಗೊಂಡವ್ರು. ಚಿಕಿತ್ಸೆ ಮೊದಲಿನ ಆತಂಕ, ಬೇಜಾರು ಆ ಸುತ್ತು ಯಶಸ್ವಿ ಆಗೋದು ಬಿಡೋದರ ಮ್ಯಾಲ ಪರಿಣಾಮ ಮಾಡಿದ್ದು ಕಾಣಲಿಲ್ಲ.

ಹಂಗಾದ್ರ ಯಾರು ಸರಿ? ಇಬ್ರೂ ಬ್ಯಾರೆ ಬ್ಯಾರೆ ಮಂದೀನ ನೋಡ್ಯಾರ. ಮೊದಲಿನವ್ರು ನೋಡಿದ್ದು ಮನ್ಯಾಗ ಸಹಜವಾಗಿ ಪ್ರಯತ್ನ ಮಾಡೋ ಜೋಡಿ, ಅಲ್ಲಿ ತತ್ತಿ ತಡಾ ಆಗೋದು, ನಿದ್ದಿ ಕೆಡೋದು, ಕೂಡೋದ ಕಡಿಮಿ ಆಗೋದು ಎಲ್ಲಾ ಲೆಕ್ಕಕ್ಕ ಬರತೈತಿ. ಐವಿಎಫ್‌ನ್ಯಾಗ ತತ್ತಿನ ಇಂಜೆಕ್ಷನ್ ಕೊಟ್ಟು ಬಲಿಸ್ತಾರ, ದಿನ ಡಾಕ್ಟ್ರು ಗೊತ್ತು ಮಾಡತಾರ, ಮೆದುಳಿನ ಮಿಡಿತಕ್ಕ ಅಲ್ಲಿ ಹೆಚ್ಚು ಕೆಲಸ ಇಲ್ಲ. ಟೆನ್ಶನ್ ಯಾವ ದಾರ್ಯಾಗ ಬರತಿತ್ತೋ ಆ ದಾರಿನ ಬೈಪಾಸ್ ಆತು, ಹಿಂಗಾಗಿ ಪರಿಣಾಮ ಕಾಣಲಿಲ್ಲ. ಈ ದೃಷ್ಟಿಯಿಂದ ಎರಡು ಕಡೆಯ ಮಾತೂ ಒಂದಕ್ಕೊಂದು ಹೊಂದತೈತಿ. ಟೆನ್ಶನ್‌ಗೆ ಪಾಲು ಐತಿ, ಸಣ್ಣದು, ಹೆಚ್ಚಿಗಿ ಸುತ್ತು ಹಾಕಿ ಬರತೈತಿ, ಬಂದ್ ಆದ ನಾಳ, ಇಲ್ಲದ ವೀರ್ಯಾಣು, 38ರ ವಯಸ್ಸು ಇವುಗಳ ಮುಂದ ಅದು ಕಿರುಬೆರಳು.

ಬಾಣದ ತುದಿ ಇನ್ನೊಂದು ಕಡೆ

ಟೆನ್ಶನ್‌ದಿಂದ ಮಕ್ಕಳಾಗಂಗಿಲ್ಲ ಅನ್ನೋದಕ್ಕಿಂತ ಮಕ್ಕಳಾಗದ್ದಕ್ಕ ಟೆನ್ಶನ್ ಆಗತೈತಿ ಅನ್ನೋದಕ್ಕ ಪುರಾವೆ ಗಟ್ಟಿ ಐತಿ. 1993ರಾಗ ಅಮೆರಿಕದ ಆಲಿಸ್ ಡೋಮಾರ್ ಮಕ್ಕಳಾಗದ ಹೆಣ್ಮಕ್ಕಳ ಆತಂಕ, ಖಿನ್ನತೆಯ ಅಂಕಾನ ಬ್ಯಾರೆ ರೋಗಿಗಳ ಜೋಡಿ ಹೋಲಿಸಿದ್ರು. ಕ್ಯಾನ್ಸರ್ ಇದ್ದವ್ರು, ಹೃದಯದ ತೊಂದ್ರಿಯಿಂದ ಚೇತರಿಸ್ಕೊಳ್ಳೋವ್ರು ಎಷ್ಟು ನೊಂದಿದ್ರೋ ಇವ್ರೂ ಅಷ್ಟ ನೊಂದಿದ್ರು.

ನಮ್ಮ ಊರಾಗ ಅದಕ್ಕ ಪರೀಕ್ಷೆ ಪ್ರಶ್ನೆಪತ್ರಿಕೆ ಬೇಕಾಗಿಲ್ಲ. ಓಣ್ಯಾಗ ಕುಬಸದ ಕಾರ್ಯ ಐತಿ ಅಂದ್ರ ಸಾಕು. ಬಸರಿಗೆ ಹಸಿರು ಸೀರಿ, ಹಸಿರು ಬಳಿ, ಉಡಿ ತುಂಬೋ ಸಾಲಿನಾಗ ಮುತ್ತೈದೆಯರು ಒಬ್ಬೊಬ್ರ ಎದ್ದು ಹೋಗತಾರ, ಮದುವಿಯಾಗಿ ನಾಕು ವರ್ಷಾದಾಕಿ ಸಾಲಿನಾಗ ಬಂದ ಕೂಡ್ಲೇ ಯಾರೋ ಒಬ್ರು ‘ನೀ ಅಡಗಿಮನ್ಯಾಗ ಹೋಳಿಗಿ ನೋಡಬಾ’ ಅಂತ ಮೆತ್ತಗ ಒಳಗ ಕಳಸತಾರ. ಯಾರೂ ಬೈದಿಲ್ಲ, ಯಾರೂ ಏನೂ ಅಂದಿಲ್ಲ, ಆಕಿ ಆ ದಿನ ಊಟ ಮಾಡಂಗಿಲ್ಲ. ಮರುದಿನ ಅತ್ತಿ ಹೇಳೋದು ಏನು, ‘ಭಾಳ ಮನಸಿಗೆ ಹಚ್ಕೋತಿ, ಅದಕ್ಕ ನಿನಗ ನಿಂದ್ರವಲ್ದು’. ನೋವು ಕೊಟ್ಟವ್ರ ನೋವನ್ನ ಕಾರಣ ಮಾಡಿದಂಗಾತು.

ಗಂಡಸರ ಕಡೆ ಇದು ಬ್ಯಾರೆ ರೂಪದಾಗ ಬರತೈತಿ. ಡಾಕ್ಟ್ರು ಸ್ಕ್ಯಾನ್ ನೋಡಿ ‘ಇವತ್ತು ನಾಳಿ ಕೂಡ್ರಿ’ ಅಂದಿರತಾರ, ಗಂಡ ಪಾಳಿ ಮುಗಿಸಿ ರಾತ್ರಿ ಹನ್ನೊಂದಕ್ಕ ಬರತಾನ, ಗೋಡಿ ಆಚಿ ಕಡೆ ತಂದಿ ತಾಯಿ, ಆಗಬೇಕು ಅನ್ನೋ ಒತ್ತಡಕ್ಕ ಏನೂ ಆಗಂಗಿಲ್ಲ, ಆ ತಿಂಗಳು ಹೋತು. ಮುಂದಿನ ತಿಂಗಳು ಅದ ಹೆದರಿಕಿ ಇನ್ನೂ ದೊಡ್ಡದು. ಇದು ರೋಗ ಅಲ್ಲ, ಭಾಳ ಗಂಡಸರಿಗೆ ಆಗೋವಂಥದ್ದು, ಆದ್ರ ಬಾಯಿಬಿಟ್ಟು ಹೇಳಾಕ ಯಾರೂ ಇಲ್ಲ.

ಇನ್ನ ರೊಕ್ಕ. ಐವಿಎಫ್ ಒಂದು ಸುತ್ತಿಗೆ ಲಕ್ಷದ ಮ್ಯಾಲ ಖರ್ಚು, ಒಂದ ಸುತ್ತಿಗೆ ಆಗೇ ತೀರತೈತಿ ಅನ್ನೋ ಗ್ಯಾರಂಟಿ ಇಲ್ಲ, ಆಯುಷ್ಮಾನ್ ಭಾರತ್ ಯೋಜನೆದಾಗ ಮಕ್ಕಳಾಗೋ ಚಿಕಿತ್ಸೆ ಬರಂಗಿಲ್ಲ. ಕಬ್ಬಿನ ಬಿಲ್ ಬಂದ ಮ್ಯಾಲ ಮಾಡಿಸೋಣ ಅಂತ ಕಾಯೋರು ಅದಾರ, ಬಂಗಾರ ಒತ್ತಿ ಇಡೋರು ಅದಾರ.

ದೂರ ಇರೋ ಗಂಡ, ಟೆನ್ಶನ್ ಅನ್ನೋ ಹೆಸರು

ಟೆನ್ಶನ್ ಅಂತ ಕರಿಯೋದರಾಗ ಎಷ್ಟೋ ಸಲ ಟೆನ್ಶನ್ ಇರೋದೇ ಇಲ್ಲ, ಅಂತರ ಇರತೈತಿ. ವಿಜಯಪುರ, ಬಾಗಲಕೋಟಿಯಿಂದ ಗೋವಾ, ಪುಣೆ, ಬೆಂಗಳೂರಿಗೆ ದುಡಿಯಾಕ ಹೋದ ಹುಡುಗರು ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಊರಿಗೆ ಬರತಾರ. ಬೆಳಗಾವಿ ಜಿಲ್ಲೆದಾಗ ಮಿಲಿಟರಿಗೆ ಹೋದವ್ರ ಮನಿ ಊರಿಗೆ ಹತ್ತಿಪ್ಪತ್ತು ಸಿಗತಾವ, ಅವ್ರದು ವರ್ಷಕ್ಕೊಂದೆರಡು ರಜಾ. ಆರು ದಿನದ ಬಾಗಿಲು ತೆರೆದಾಗ ಗಂಡ ಊರಾಗ ಇರ್ಬೇಕಲ್ರಿ. ಮದುವಿಯಾಗಿ ಮೂರು ವರ್ಷ ಅಂತಾರ, ಒಟ್ಟಿಗೆ ಇದ್ದ ದಿನ ಕೂಡಿಸಿದ್ರ ಮೂರು ತಿಂಗಳೂ ಆಗಂಗಿಲ್ಲ. ಅಂಥವ್ರಿಗೆ ತೊಂದ್ರಿ ಐತಿ ಅಂತ ಹೇಳಾಕ ಇನ್ನೂ ವ್ಯಾಳ್ಯಾನ ಆಗಿರಂಗಿಲ್ಲ. ರಬಕವಿ ಬನಹಟ್ಟಿ ಕಡೆ ಪಾವರ್‌ಲೂಮ್‌ನ್ಯಾಗ ಗಂಡ ರಾತ್ರಿ ಪಾಳಿ, ಹೆಂಡ್ತಿ ಹಗಲು ಕೆಲಸ ಅಂದ್ರ ಒಂದ ಮನ್ಯಾಗಿದ್ರೂ ಅದ ಕತಿ.

‘ಬಿಟ್ಟಬಿಟ್ಟ ಮ್ಯಾಲ ಆತು’ ಅನ್ನೋ ಕತಿ

ಪ್ರತಿ ಊರಾಗ ಇಂಥದ್ದೊಂದು ಕತಿ ಇರತೈತಿ: ಆರು ವರ್ಷ ದವಾಖಾನಿ ಸುತ್ತಿದ್ರು, ಆಗಲಿಲ್ಲ, ಸಾಕು ಅಂತ ಬಿಟ್ರು, ದತ್ತಕ ತಗೊಂಡ್ರು, ಮರು ವರ್ಷ ಆಕಿ ಬಸರಾದ್ಲು. ಕತಿ ಖರೆ ಇರಬಹುದು, ಅದರಿಂದ ತಗೊಂಡ ಪಾಠ ತಪ್ಪು. ಮೊದಲ ವರ್ಷದಾಗ ಬಸಿರು ನಿಲ್ಲದ ಜೋಡಿಗಳೊಳಗ ಹೆಚ್ಚು ಕಡಿಮಿ ಅರ್ಧದಷ್ಟಕ್ಕ ಎರಡನೇ ವರ್ಷ ಯಾವ ಚಿಕಿತ್ಸೆ ಇಲ್ದನ ನಿಲ್ಲತೈತಿ, ಆಮೇಲೂ ಕೆಲವರಿಗೆ ನಿಲ್ಲತೈತಿ. ದತ್ತಕ ತಗೊಂಡವ್ರನ್ನೂ ತಗೊಳ್ಳದವ್ರನ್ನೂ ಹೋಲಿಸಿ ನೋಡಿದ್ರ ಆಮೇಲೆ ಬಸರಾಗೋ ಪ್ರಮಾಣದಾಗ ಫರಕು ಕಂಡಿಲ್ಲ. ಬಿಟ್ಟ ಮ್ಯಾಲೂ ಆಗದೆ ಇದ್ದವ್ರ ಕತಿ ಯಾರೂ ಜಾತ್ರ್ಯಾಗ ಹೇಳ್ಕೋತ ತಿರಗಂಗಿಲ್ಲ, ಹಿಂಗಾಗಿ ನಮ್ಮ ಕಿವಿಗೆ ಆದವ್ರದ್ದು ಮಾತ್ರ ಬೀಳತೈತಿ.

ತಪ್ಪು ಮಾತಿಗೆ ಬೆಲಿ ಏನು

‘ಟೆನ್ಶನ್ ಬಿಡ್ರಿ’ ಅನ್ನೋದು ಸಮಾಧಾನದ ಮಾತು, ಹೇಳೋರ ಮನಸು ಕೆಟ್ಟದಿರಂಗಿಲ್ಲ. ಆದ್ರ ಅದಕ್ಕ ಬೆಲಿ ಐತಿ. ಮೊದಲನೇದು ಟೈಮ್. 27ನೇ ವಯಸ್ಸಿಗೆ ಕಾಯ್ದ ಎರಡು ವರ್ಷಕ್ಕೂ 34ಕ್ಕ ಕಾಯ್ದ ಎರಡು ವರ್ಷಕ್ಕೂ ಭಾಳ ಫರಕು, ಯಾಕಂದ್ರ ಹೆಣ್ಣು ಹುಟ್ಟುವಾಗನ ತನ್ನ ಎಲ್ಲಾ ತತ್ತಿ ಜೋಡಿ ಹುಟ್ಟತಾಳ, ಹೊಸಾವು ಆಗಂಗಿಲ್ಲ, 35ರ ಆಚೆ ಸಂಖ್ಯೆ, ಗುಣ ಎರಡೂ ಲಗೂ ಇಳೀತಾವ. ಎರಡನೇದು, ಟೆನ್ಶನ್ ಅಂದ್ರ ಮನಸ್ಸಿನ ಕಾರಣ, ಮನಸ್ಸು ಅಂದ್ರ ನಮ್ಮಲ್ಲಿ ಹೆಂಗಸಿನ ಖಾತೆ, ಹಿಂಗ ಜಾರ್ಕೋತ ಹೋಗಿ ಗಂಡಸಿನ ತಪಾಸಣಿ ಕೊನಿಗೆ ಬರತೈತಿ. ಡಾಕ್ಟರ ಮುಂದ ಇಡೋ ಪ್ಲಾಸ್ಟಿಕ್ ಫೈಲ್ ಬಿಚ್ಚಿ ನೋಡ್ರಿ, ಹೆಂಡ್ತಿ ಹೆಸರಿಲೆ ಮೂರು ಸ್ಕ್ಯಾನು, ಥೈರಾಯ್ಡು, ಎಎಂಎಚ್ಚು (ತತ್ತಿ ಎಷ್ಟು ಉಳದಾವ ಅನ್ನೋ ಅಂದಾಜಿನ ರಕ್ತ ತಪಾಸಣಿ), ಟ್ಯೂಬ್ ಟೆಸ್ಟು, ನಾಕು ದೇವರ ಅಂಗಾರ, ಗಂಡನ ಹೆಸರಿಲೆ ಒಂದು ಚೀಟಿನೂ ಇರಂಗಿಲ್ಲ. ವೀರ್ಯ ತಪಾಸಣಿ ಇವೆಲ್ಲಾಕ್ಕಿಂತ ಅಗ್ಗ, ಸೂಜಿ ಚುಚ್ಚೋದಿಲ್ಲ, ನೋವಿಲ್ಲ, ಎರಡರಿಂದ ಏಳು ದಿನ ದೂರ ಇದ್ದು ಒಂದು ಡಬ್ಬ್ಯಾಗ ಕೊಟ್ರ ಆತು. ಮೊದಲ ಆಗ್ಬೇಕಾದ್ದು ಕೊನಿಗೆ ಆಗೋದು, ಇದಕ್ಕಿಂತ ದೊಡ್ಡ ನಷ್ಟ ಟೆನ್ಶನ್‌ದಿಂದಲೂ ಆಗಂಗಿಲ್ಲ ಅಂತ ನನಗ ಅನಸತೈತಿ.

ಆ ರಿಪೋರ್ಟ್ ಓದೋದು ಹೆಂಗ? ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಒಂದು ಎಂಎಲ್‌ನ್ಯಾಗ 1.6 ಕೋಟಿ ವೀರ್ಯಾಣು, ಚಲನೆ 42 ಪರ್ಸೆಂಟ್, ಸರಿ ಆಕಾರದವು 4 ಪರ್ಸೆಂಟ್ ಕೆಳಗಿನ ಗಡಿ. 4 ಅನ್ನೋದು ತಪ್ಪಾಗಿ ಅಚ್ಚಾಗಿಲ್ಲ, ನಾರ್ಮಲ್ ಗಂಡಸಿನಾಗೂ ಹೆಚ್ಚಿನವು ಸೊಟ್ಟನ ಇರತಾವ. ಗಡಿಗಿಂತ ಕಡಿಮಿ ಬಂತಂದ್ರ ಮಕ್ಕಳ ಆಗಂಗಿಲ್ಲ ಅಂತ ಅರ್ಥ ಅಲ್ಲ, ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ಕೊಡಿಸ್ತಾರ. ಗುಟ್ಕಾ, ಕುಡಿತ ಬಿಟ್ಟದ್ದರ ಫಲ ಕಾಣಬೇಕಂದ್ರ ಮೂರು ತಿಂಗಳು ಕಾಯಬೇಕು, ಯಾಕಂತ ಮ್ಯಾಲ ನೋಡೀವಿ.

ಮನಸ್ಸಿನ ಆರೈಕೆ ಬ್ಯಾಡಂತಲ್ಲ, ಅದಕ್ಕ ಕಾರಣ ಬ್ಯಾರೆ

ಹಂಗಾದ್ರ ಕೌನ್ಸೆಲಿಂಗ್, ಯೋಗ, ನಿದ್ದಿ ಇವೆಲ್ಲಾ ವ್ಯರ್ಥ ಏನು? ಅಲ್ಲ. ಅವನ್ನ ‘ಮಕ್ಕಳಾಗೋ ಔಷಧ’ ಅಂತ ಮಾರಬಾರದು ಅಷ್ಟ. ನೊಂದವ್ರಿಗೆ ನೋವು ಕಡಿಮಿ ಆಗೋದ ಒಂದು ಕಾರಣ, ಸಾಕಲ್ಲ? ಅದಲ್ದ ಒತ್ತಡ ತಾಳಲಾರದ ನಡುವ ಚಿಕಿತ್ಸೆ ಬಿಡೋರು ಭಾಳ, ಮನಸು ಗಟ್ಟಿ ಇದ್ರ ಎರಡನೇ ಸುತ್ತಿಗೆ ಬರತಾರ, ಹಂಗ ಒಟ್ಟು ಸಾಧ್ಯತೆ ಹೆಚ್ಚಾಗತೈತಿ. ಟೆಲಿ ಮಾನಸ್ ಅನ್ನೋ ಸರ್ಕಾರದ ಸಹಾಯವಾಣಿ 14416ಕ್ಕ ಫೋನ್ ಹಚ್ಚಿದ್ರ ಕನ್ನಡದಾಗನ ಪುಕ್ಕಟೆ ಮಾತಾಡಬಹುದು. ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಜಿಲ್ಲೆದಾಗ ಮೆಡಿಕಲ್ ಕಾಲೇಜ್ ದವಾಖಾನಿ ಅದಾವ, ಶುರುವಿನ ತಪಾಸಣಿಗೆ ನೇರ ದೊಡ್ಡ ಐವಿಎಫ್ ಸೆಂಟರ್‌ಗೆ ಓಡಬೇಕಾಗಿಲ್ಲ, ಅಲ್ಲಿಯ ಸ್ತ್ರೀರೋಗ ವಿಭಾಗದಿಂದ ಶುರು ಮಾಡಬಹುದು.

ಐವಿಎಫ್‌ಗೇ ಹೋಗೋದಾದ್ರ ಒಂದು ಗೊತ್ತಿರ್ಲಿ. 2021ರಾಗ ಬಂದ ಎಆರ್‌ಟಿ (ಮಕ್ಕಳಾಗಾಕ ನೆರವಾಗೋ ತಂತ್ರಜ್ಞಾನದ) ಕಾಯ್ದೆ ಪ್ರಕಾರ ಇಂಥ ಕ್ಲಿನಿಕ್ ರಿಜಿಸ್ಟರ್ ಆಗಿರ್ಬೇಕು, ಹೆಂಡ್ತಿಗೆ 21ರಿಂದ 50, ಗಂಡಗ 21ರಿಂದ 55ರ ವಯಸ್ಸಿನ ಮಿತಿ ಐತಿ, ಐವಿಎಫ್ ಮಾಡೋ ಮಟ್ಟದ ಕ್ಲಿನಿಕ್‌ನ್ಯಾಗ ಕೌನ್ಸೆಲರ್ ಇರಲೇಬೇಕು. ಆ ಕೌನ್ಸೆಲರ್ ಎಷ್ಟೋ ಕಡೆ ರೊಕ್ಕದ ಪ್ಯಾಕೇಜ್ ತಿಳಿಸಿ ಹೇಳೋ ಹುಡುಗಿಯಾಗಿ ಉಳದಿರತಾಳ. ಹೆಸರು ಹಚ್ಚಿಸೋ ದಿನಾನ ಕೌಂಟರ್‌ನ್ಯಾಗ ಕೇಳ್ರಿ: ಕೌನ್ಸೆಲರ್ ಯಾವ್ಯಾವ ದಿನ ಸಿಗತಾರ, ಗಂಡ ಹೆಂಡ್ತಿ ಇಬ್ಬರನೂ ಕೂಡಿಸಿ ಮಾತಾಡತಾರೋ, ಇಲ್ಲಾ ಬರೇ ಆಕಿನ್ನ ಒಳಗ ಕರೀತಾರೋ.